ಸೈಕಲ್ಲಿನ ಫ್ರೇಮ್ ನಂಬರ್ ಎಲ್ಲಿರುತ್ತದೆ, ಅದನ್ನು ಒಡೆತನದ ದಾಖಲೆಯಾಗಿ ಬರೆದಿಡುವುದು ಹೇಗೆ?

ಗುಮ್ಮಟನಗರಿ ಪಾಲಕ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಒಬ್ಬ ಹುಡುಗನ ಸೈಕಲ್ ಟ್ಯೂಷನ್ ಕ್ಲಾಸಿನ ಮುಂದಿನಿಂದ ಕಳುವಾಯಿತು. ಕೆಲವು ವಾರಗಳ ನಂತರ ಪೊಲೀಸರು ಬೇರೊಂದು ಪ್ರಕರಣದಲ್ಲಿ ಹಲವು ಸೈಕಲ್‌ಗಳನ್ನು ವಶಪಡಿಸಿಕೊಂಡಿದ್ದಾರೆಂದು ತಿಳಿದು, ಅವನ ತಂದೆಯ ಜೊತೆ ನಾನೂ ಠಾಣೆಗೆ ಹೋದೆ. ಅಲ್ಲಿ ಒಂದೇ ಕಂಪನಿಯ, ಒಂದೇ ಬಣ್ಣದ, ಒಂದೇ ಅಳತೆಯ ಮೂರು ಸೈಕಲ್‌ಗಳು ಗೋಡೆಗೆ ಒರಗಿದ್ದವು. "ಇದರಾಗ ನಿಮ್ಮದು ಯಾವುದ್ರಿ? ನಂಬರ್ ಹೇಳ್ರಿ" ಎಂದು ಹವಾಲ್ದಾರರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ತಂದೆಯ ಕೈಯಲ್ಲಿದ್ದ ಬಿಲ್ಲಿನಲ್ಲಿ ಕಂಪನಿಯ ಹೆಸರು ಮತ್ತು ಮೊತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಹುಡುಗ ಗುರುತಿಗೆ ಹೇಳುತ್ತಿದ್ದ ಬುಟ್ಟಿ, ಬೆಲ್ಲು, ಸೀಟಿನ ಕವರು ಮೂರನ್ನೂ ಕದ್ದವರು ಮೊದಲೇ ಬಿಚ್ಚಿ ಹಾಕಿದ್ದರು.

ಮೋಟಾರ್ ಸೈಕಲ್ಲಿಗಾದರೆ ಆರ್.ಸಿ. ಇದೆ, ಮೊಬೈಲಿಗೆ ಐಎಂಇಐ ಇದೆ. ಸೈಕಲ್ಲಿಗೆ ಸರ್ಕಾರದ ಯಾವ ನೋಂದಣಿಯೂ ಇಲ್ಲ. ಹಾಗಾಗಿ ನಮ್ಮ ಓಣಿಯ ಎಲ್ಲ ಮನೆಗಳ ಸೈಕಲ್ ನಂಬರುಗಳನ್ನು ಒಮ್ಮೆ ಕುಳಿತು ಸರಿಯಾಗಿ ಬರೆದಿಡೋಣವೆಂದು ಯೋಚಿಸಿದ್ದೇವೆ. ಈ ನಂಬರ್ ಸೈಕಲ್ಲಿನ ಯಾವ ಭಾಗದಲ್ಲಿರುತ್ತದೆ? ಅಳಿಸಿದಂತೆ ಕಾಣುವುದನ್ನು ಓದುವುದು ಹೇಗೆ? ಬರೆದಿಟ್ಟ ಮಾತ್ರಕ್ಕೆ ಅದು ಸೈಕಲ್ ನಮ್ಮದೆಂಬುದಕ್ಕೆ ಪುರಾವೆಯಾಗುತ್ತದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಸೈಕಲ್ ಶಾಪ್ (ಜಮಖಂಡಿ)

ನಮಸ್ಕಾರ ಸರ್. ಸೈಕಲ್ ಮಾರುವುದು ಮತ್ತು ರಿಪೇರಿ ಮಾಡುವುದೇ ನನ್ನ ಉದ್ಯೋಗವಾದ್ದರಿಂದ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಸೈಕಲ್ಲನ್ನು ಒಂದು ಗೋಣಿಚೀಲದ ಮೇಲೆ ತಲೆಕೆಳಗಾಗಿ ನಿಲ್ಲಿಸಿರಿ. ಎರಡು ಪೆಡಲ್‌ಗಳ ನಡುವೆ ಆಕ್ಸಲ್ ಕೂರುವ ದಪ್ಪನೆಯ ಅಡ್ಡ ಕೊಳವೆ ಇರುತ್ತದೆ, ನಾವು ಅಂಗಡಿಯಲ್ಲಿ ಅದಕ್ಕೆ ಬಿ.ಬಿ. ಶೆಲ್ ಎನ್ನುತ್ತೇವೆ. ಇಂದಿನ ಬಹುಪಾಲು ಸೈಕಲ್‌ಗಳಲ್ಲಿ ಈ ಕೊಳವೆಯ ಅಡಿಭಾಗದಲ್ಲಿಯೇ, ನೆಲಕ್ಕೆ ಮುಖ ಮಾಡಿದಂತೆ, ನಂಬರನ್ನು ಪಂಚ್ ಮಾಡಿರುತ್ತಾರೆ. ನಿಂತ ಸೈಕಲ್ಲನ್ನು ಸುತ್ತಲೂ ನೋಡಿ "ನಂಬರೇ ಇಲ್ಲ" ಎಂದು ಹೇಳುವವರು ಹೆಚ್ಚಾಗಿರುವುದು ಇದೇ ಕಾರಣಕ್ಕೆ. ಅದು ಕೆಸರು ಮೆತ್ತಿಕೊಳ್ಳುವ ಜಾಗ, ಬಗ್ಗಿ ನೋಡಿದರೂ ಸುಲಭವಾಗಿ ಕಾಣುವುದಿಲ್ಲ.

ಅಲ್ಲಿ ಸಿಗದಿದ್ದರೆ ಸೀಟಿನ ಪೈಪು ಫ್ರೇಮಿನೊಳಗೆ ಇಳಿಯುವ ಜಾಗದ ಸುತ್ತ ನೋಡಿರಿ. ಹೊಲದ ಕೆಲಸಕ್ಕೆ, ಹಾಲಿನ ಕ್ಯಾನಿಗೆ ಬಳಸುವ ಹಳೆಯ ಕಪ್ಪು ಸೈಕಲ್‌ಗಳಲ್ಲಿ ಎಷ್ಟೋ ಸಲ ನಂಬರು ಇಲ್ಲಿಯೇ ಸಿಕ್ಕುತ್ತದೆ. ನಂತರ ಹ್ಯಾಂಡಲ್ ಕೆಳಗಿನ ಮುಂಭಾಗದ ಕೊಳವೆ, ಅದಾದ ಮೇಲೆ ಹಿಂದಿನ ಚಕ್ರದ ಆಕ್ಸಲ್ ಕೂರುವ ತಗಡು, ಕೊನೆಗೆ ಚೈನಿನ ಪಕ್ಕದಲ್ಲಿ ಹಿಂದಕ್ಕೆ ಹೋಗುವ ಕೊಳವೆಗಳು. ಐಎಸ್‌ಒ 4210 ಎಂಬ ಅಂತರರಾಷ್ಟ್ರೀಯ ಸೈಕಲ್ ಸುರಕ್ಷತಾ ಮಾನದಂಡವೂ, ಫ್ರೇಮಿನ ಮೇಲೆ ಕ್ರಮಸಂಖ್ಯೆಯನ್ನು ಅಳಿಸಲಾಗದಂತೆ ಪೆಡಲ್, ಸೀಟು ಅಥವಾ ಹ್ಯಾಂಡಲ್ ಬಳಿ ಗುರುತಿಸಬೇಕೆಂದೇ ಹೇಳುತ್ತದೆ. ಆದ್ದರಿಂದ ಈ ಮೂರು ಜಾಗಗಳನ್ನು ಮೊದಲು ಹುಡುಕಿರಿ.

ಒಂದು ಎಚ್ಚರಿಕೆ ಅಗತ್ಯ. ಸೈಕಲ್ಲಿನ ಮೇಲೆ ಕಾಣುವ ಅಂಕಿಗಳೆಲ್ಲ ಫ್ರೇಮ್ ನಂಬರ್ ಅಲ್ಲ. ಟೈರಿನ ಮೇಲಿನ 28×1½ ಅಥವಾ 40-635 ಎಂಬುದು ಟೈರಿನ ಅಳತೆ. ಕ್ರ್ಯಾಂಕ್, ಹಬ್, ಬ್ರೇಕ್‌ಗಳ ಮೇಲಿರುವವು ಆಯಾ ಬಿಡಿಭಾಗದ ತಯಾರಕರ ಗುರುತುಗಳು. ಡಬ್ಬಿಯ ಮೇಲೆ ಅಥವಾ ಫ್ರೇಮಿನ ಮೇಲೆ ಅಂಟಿಸಿದ ಬಾರ್‌ಕೋಡ್ ಚೀಟಿಯನ್ನು ಬಹಳ ಜನ ಫ್ರೇಮ್ ನಂಬರೆಂದು ತಿಳಿದು ಬರೆದುಕೊಳ್ಳುತ್ತಾರೆ. 890 ಎಂದು ಆರಂಭವಾಗುವ 13 ಅಂಕಿಗಳು ಕಂಡರೆ ಅದು ಭಾರತದಲ್ಲಿ ಪಡೆದ ಸರಕಿನ ಸಂಕೇತ, ಆ ಮಾದರಿಯ ಪ್ರತಿಯೊಂದು ಸೈಕಲ್ಲಿನ ಮೇಲೂ ಅದೇ ಸಂಖ್ಯೆ ಇರುತ್ತದೆ. ಠಾಣೆಯಲ್ಲಿ ನಿಂತ ಆ ಮೂರು ಸೈಕಲ್‌ಗಳನ್ನು ಬೇರ್ಪಡಿಸಲು ಅದು ಯಾವ ಸಹಾಯವನ್ನೂ ಮಾಡುತ್ತಿರಲಿಲ್ಲ.

ನವನಗರ ನಿವಾಸಿ (ಬಾಗಲಕೋಟೆ)

ಸರ್, ತಾವು ಹೇಳಿದಂತೆ ನನ್ನ ಮಗಳ ಸೈಕಲ್ಲನ್ನು ತಿರುಗಿಸಿ ನೋಡಿದೆ. ಬಿ.ಬಿ. ಶೆಲ್ಲಿನ ಕೆಳಗೆ ಎರಡು ಸಾಲುಗಳಿವೆ. ಒಂದರಲ್ಲಿ ಎರಡು ಅಕ್ಷರ ಮತ್ತು ಏಳು ಅಂಕಿಗಳಿವೆ, ಇನ್ನೊಂದರಲ್ಲಿ ನಾಲ್ಕೇ ಅಂಕಿಗಳಿವೆ. ಯಾವುದನ್ನು ಬರೆದುಕೊಳ್ಳಬೇಕು?

ಸೈಕಲ್ ಶಾಪ್ (ಜಮಖಂಡಿ)

ಎರಡನ್ನೂ, ಇದ್ದ ಕ್ರಮದಲ್ಲಿಯೇ, ಎರಡು ಸಾಲುಗಳಾಗಿ ಬರೆದುಕೊಳ್ಳಿರಿ. ಉದ್ದನೆಯದು ಕ್ರಮಸಂಖ್ಯೆಯಾಗಿರುವ ಸಂಭವ ಹೆಚ್ಚು. ಚಿಕ್ಕದು ಫ್ರೇಮಿನ ಅಳತೆಯೋ ತಯಾರಿಕೆಯ ತಂಡದ ಗುರುತೋ ಆಗಿರಬಹುದು. ಪ್ರತಿ ಕಂಪನಿಯ ಪದ್ಧತಿ ಬೇರೆ. ಅದರ ಅರ್ಥ ಬಿಡಿಸುವುದು ನಿಮ್ಮ ಕೆಲಸವಲ್ಲ, ಇರುವುದನ್ನು ಇದ್ದಂತೆ ದಾಖಲಿಸಿದರೆ ಸಾಕು. ಅದೇ ಮಾದರಿಯ ಇನ್ನೊಂದು ಸೈಕಲ್ ಪಕ್ಕದ ಮನೆಯಲ್ಲಿದ್ದರೆ ಹೋಲಿಸಿ ನೋಡಿರಿ. ಎರಡರಲ್ಲೂ ಒಂದೇ ಆಗಿರುವುದು ಮಾದರಿಯ ಗುರುತು, ಬೇರೆಯಾಗಿರುವುದು ನಿಮ್ಮ ಸೈಕಲ್ಲಿನ ನಂಬರು.

ಉದ್ಯಮಬಾಗ ಟರ್ನರ್ (ಬೆಳಗಾವಿ)

ಎರಡನೆಯ ಪ್ರಶ್ನೆ, ಅಂದರೆ ಓದುವ ವಿಧಾನ, ನನಗೆ ಸಂಬಂಧಿಸಿದ್ದು. ಉದ್ಯಮಬಾಗದ ಮಷಿನ್ ಶಾಪಿನಲ್ಲಿ ಲೋಹದ ಮೇಲಿನ ಪಂಚ್ ಗುರುತುಗಳನ್ನು ದಿನವೂ ಓದಬೇಕಾಗುತ್ತದೆ.

ಮೊದಲು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಣ ಮಣ್ಣನ್ನು ಉದುರಿಸಿರಿ. ನಂತರ ಸೀಮೆಎಣ್ಣೆ ಅಥವಾ ಡೀಸೆಲ್ ತಾಗಿಸಿದ ಬಟ್ಟೆಯಿಂದ ಜಿಡ್ಡನ್ನು ಒರೆಸಿರಿ. ಸ್ಯಾಂಡ್ ಪೇಪರ್, ಕಾನಸು ಅಥವಾ ತಂತಿ ಬ್ರಷ್ ಎಂದಿಗೂ ಬೇಡ. ನಂಬರಿನ ಸುತ್ತ ಬಣ್ಣ ಕೆರೆದಿರುವುದು ಕಂಡರೆ, ನಾಳೆ ಪರಿಶೀಲಿಸುವವರಿಗೆ ಅದು ನಂಬರನ್ನು ತಿದ್ದಲು ನಡೆದ ಪ್ರಯತ್ನದಂತೆ ಕಾಣುತ್ತದೆ. ನಿಮ್ಮ ಪುರಾವೆಯನ್ನು ನೀವೇ ಸಂಶಯಕ್ಕೆ ಗುರಿ ಮಾಡಿದಂತಾಗುತ್ತದೆ.

ಸ್ವಚ್ಛವಾದ ಮೇಲೂ ಓದಲು ಬಾರದಿದ್ದರೆ ಬೆಳಕನ್ನು ಬದಲಿಸಿರಿ. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿದರೆ ಬಣ್ಣ ಹೊಳೆದು ಅಂಕಿ ಮುಚ್ಚಿಹೋಗುತ್ತದೆ. ಬದಿಯಿಂದ, ಕೊಳವೆಗೆ ತಾಗುವಷ್ಟು ಓರೆಯಾಗಿ ಹಿಡಿದರೆ ತಗ್ಗುಗಳಲ್ಲಿ ನೆರಳು ನಿಂತು ಪ್ರತಿ ಅಂಕಿಯೂ ಎದ್ದು ಕಾಣುತ್ತದೆ. ಗಾಢ ಬಣ್ಣದ ಫ್ರೇಮಾದರೆ ಬಿಳಿ ಸೀಮೆಸುಣ್ಣವನ್ನು ನಂಬರಿನ ಮೇಲೆ ಅಡ್ಡಲಾಗಿ ಉಜ್ಜಿ ಬೆರಳಿನಿಂದ ಮೇಲಿನ ಪುಡಿಯನ್ನು ಒರೆಸಿರಿ, ತಗ್ಗಿನಲ್ಲಿ ಉಳಿದ ಸುಣ್ಣ ಅಂಕಿಗಳನ್ನು ತೋರಿಸುತ್ತದೆ. ಮೂರನೆಯ ವಿಧಾನ ಹಳೆಯ ಮೋಟಾರ್ ಸೈಕಲ್ ಮಾರಿದವರಿಗೆಲ್ಲ ಪರಿಚಿತವಾದದ್ದು. ಆರ್.ಟಿ.ಒ. ಕಾಗದಕ್ಕೆ ಚಾಸಿ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆಯೇ ನಂಬರಿನ ಮೇಲೆ ಮೆತ್ತನೆಯ ಪೆನ್ಸಿಲ್ ತಿಕ್ಕಿ, ಅದರ ಮೇಲೆ ಸೆಲ್ಲೋಟೇಪ್ ಒತ್ತಿ ನಿಧಾನವಾಗಿ ಎತ್ತಿ, ಬಿಳಿ ಕಾಗದಕ್ಕೆ ಅಂಟಿಸಿರಿ. ಕೈಯಿಂದ ಬರೆದ ಪ್ರತಿಯಲ್ಲಿ ತಪ್ಪು ನುಸುಳಬಹುದು. ಈ ಅಚ್ಚು ಲೋಹದಲ್ಲಿ ಇರುವುದನ್ನೇ ತೋರಿಸುತ್ತದೆ, ಪಂಚಿನ ಓರೆಕೋರೆಯೂ ಸಹಿತ. ನನ್ನ ದೃಷ್ಟಿಯಲ್ಲಿ ಫೋಟೋಗಿಂತಲೂ ಇದು ಬೆಲೆಯುಳ್ಳದ್ದು.

ಬರೆಯುವಾಗ ಸೊನ್ನೆ ಮತ್ತು ಇಂಗ್ಲಿಷಿನ ಓ, ಒಂದು ಮತ್ತು ಐ, ಐದು ಮತ್ತು ಎಸ್, ಎಂಟು ಮತ್ತು ಬಿ, ಇವುಗಳ ನಡುವೆ ಗೊಂದಲವಾಗದಿರುವುದು ಅಪರೂಪ. ಅದೇ ನಂಬರಿನಲ್ಲಿ ಬೇರೆಡೆ ನಿಸ್ಸಂದೇಹವಾಗಿ ಸೊನ್ನೆಯಾಗಿರುವ ಗುರುತು ಇದ್ದರೆ ಅದರ ಅಗಲವನ್ನು ಹೋಲಿಸಿರಿ. ಆಗಲೂ ನಿಶ್ಚಯವಾಗದಿದ್ದರೆ "ಮೂರನೆಯ ಗುರುತು ಸೊನ್ನೆ ಅಥವಾ ಓ" ಎಂದು ಕಾಗದದಲ್ಲಿಯೇ ಬರೆಯಿರಿ. ಊಹಿಸಿ ಒಂದನ್ನು ಬರೆಯುವುದಕ್ಕಿಂತ ಅದು ಪ್ರಾಮಾಣಿಕ.

ತರಬೇತಿ ಮೈದಾನ (ವಿಜಯಪುರ)

ಟರ್ನರ್ ಸಾಹೇಬರು ಹೇಳಿದ್ದು ಉಕ್ಕಿನ ಫ್ರೇಮಿಗೆ ಪೂರ್ತಿ ಅನ್ವಯಿಸುತ್ತದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಸೈಕ್ಲಿಂಗ್ ಸ್ಪರ್ಧೆಗೆ ಇಳಿಯುವ ಮಕ್ಕಳು ಸಾಕಷ್ಟಿದ್ದಾರೆ, ಅವರಲ್ಲಿ ಕೆಲವರ ಬಳಿ ಕಾರ್ಬನ್ ಫ್ರೇಮಿನ ಸೈಕಲ್‌ಗಳಿವೆ. ಕಾರ್ಬನ್ನಿನ ಮೇಲೆ ಪಂಚ್ ಹೊಡೆಯಲು ಬಾರದು. ಹಾಗಾಗಿ ಬಣ್ಣದ ಪಾರದರ್ಶಕ ಪದರದ ಕೆಳಗೆ ಅಂಟಿಸಿದ ಚೀಟಿಯಲ್ಲಿಯೋ ಫ್ರೇಮಿನೊಳಗೆ ಕೂರಿಸಿದ ಲೋಹದ ಭಾಗದ ಮೇಲೆಯೋ ನಂಬರ್ ಇರುತ್ತದೆ. ಆ ಚೀಟಿ ಸವೆದರೆ ಗುರುತೇ ಹೋಯಿತು, ಆದ್ದರಿಂದ ಕೊಂಡ ದಿನವೇ ಫೋಟೋ ತೆಗೆಯಬೇಕು.

ಇನ್ನೊಂದು ವಿಷಯ. ಸ್ಪರ್ಧೆಯ ಸೈಕಲ್ಲಿನಲ್ಲಿ ಚಕ್ರ, ಹ್ಯಾಂಡಲ್, ಸೀಟು ಎಲ್ಲವೂ ಬದಲಾಗುತ್ತಿರುತ್ತವೆ, ಉಳಿಯುವುದು ಫ್ರೇಮ್ ಒಂದೇ. ದುಬಾರಿ ಚಕ್ರಗಳ ಮೇಲೆ ಪ್ರತ್ಯೇಕ ಕ್ರಮಸಂಖ್ಯೆ ಇದ್ದರೆ ಅದನ್ನು ಬೇರೆಯಾಗಿಯೇ ದಾಖಲಿಸಿರಿ. ಬ್ಯಾಟರಿ ಸೈಕಲ್ ಇರುವವರು ಬ್ಯಾಟರಿ ಮತ್ತು ಮೋಟಾರಿನ ನಂಬರುಗಳನ್ನೂ ಬರೆದುಕೊಳ್ಳುವುದು ಒಳ್ಳೆಯದು. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ವೇಗವನ್ನು ಮೀರದ ಇಂತಹ ಸೈಕಲ್‌ಗಳಿಗೂ ಆರ್.ಟಿ.ಒ. ನೋಂದಣಿ ಇಲ್ಲ.

ಕ್ಯಾಂಪ್ ಓದುಗ (ಬೆಳಗಾವಿ)

ಚರ್ಚೆ ಉಪಯುಕ್ತವಾಗಿದೆ, ಆದರೆ ನನ್ನದೊಂದು ಮೂಲಭೂತ ಆಕ್ಷೇಪವಿದೆ. ಸೈಕಲ್ ಸ್ಟ್ಯಾಂಡಿನಲ್ಲಿ ನಿಂತ ಯಾವುದೇ ಸೈಕಲ್ಲಿನ ನಂಬರನ್ನು ಯಾರು ಬೇಕಾದರೂ ಬಗ್ಗಿ ಓದಬಹುದು, ಫೋಟೋ ತೆಗೆಯಬಹುದು, ಪೆನ್ಸಿಲ್ ಅಚ್ಚನ್ನೂ ತೆಗೆಯಬಹುದು. ಕದ್ದವನ ಬಳಿಯೂ ಅದೇ ಫೋಟೋ ಇರಲು ಸಾಧ್ಯ. ಹಾಗಿರುವಾಗ ನಂಬರ್ ಗೊತ್ತಿರುವುದು ಒಡೆತನದ ಪುರಾವೆ ಹೇಗಾಗುತ್ತದೆ?

ವಕೀಲರು (ಬೆಳಗಾವಿ)

ಕ್ಯಾಂಪ್ ಓದುಗರ ಆಕ್ಷೇಪ ಸರಿಯಾಗಿದೆ, ಇಡೀ ಚರ್ಚೆಯ ತಿರುಳೂ ಅದೇ. ಫ್ರೇಮ್ ನಂಬರ್ ಆ ವಸ್ತು ಯಾವುದೆಂದು ಗುರುತಿಸುತ್ತದೆ, ಅದು ಯಾರದೆಂದು ಹೇಳುವುದಿಲ್ಲ. ಆ ನಂಬರಿಗೂ ನಿಮಗೂ ಸಂಬಂಧ ಕಲ್ಪಿಸುವ, ಕಳವಿಗೆ ಮುಂಚಿನ ದಿನಾಂಕವುಳ್ಳ, ಸಾಧ್ಯವಾದರೆ ಮೂರನೆಯವರೊಬ್ಬರು ಬರೆದ ಕಾಗದ ಬೇಕು. ಅಂತಹ ಕಾಗದಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಅಂಗಡಿಯ ಬಿಲ್ಲು. ಕೊಳ್ಳುವಾಗಲೇ "ಫ್ರೇಮ್ ನಂಬರ್ ಬರೆದು ಸಹಿ, ಸಿಕ್ಕಾ ಹಾಕಿ ಕೊಡಿರಿ" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಅಂಗಡಿಯವರ ಪ್ರತಿಯಲ್ಲಿಯೂ ಅದೇ ನಂಬರ್ ಇದ್ದರೆ ಇನ್ನೂ ಗಟ್ಟಿ, ಏಕೆಂದರೆ ಆ ಪ್ರತಿ ನಿಮ್ಮ ಕೈಗೆ ಸಿಗುವಂಥದ್ದಲ್ಲ, ಅದನ್ನು ನೀವು ತಿದ್ದಿದ್ದೀರೆಂದು ಯಾರೂ ಹೇಳಲಾರರು.

ಈಗ ಕಾನೂನಿನ ಮಾತು. 2024ರ ಜುಲೈ 1ರಿಂದ ಕಳವಿನ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಕೆಳಗೆ ಬರುತ್ತದೆ, ಹಿಂದೆ ಅದು ದಂಡ ಸಂಹಿತೆಯ 379 ಆಗಿತ್ತು. ಹೊಸ ಕಲಮಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿಗೆ ಬೇರೆ ವ್ಯವಸ್ಥೆ ಇದೆ: ಮೊದಲ ಬಾರಿಗೆ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಅಂತಹ ಪ್ರಕರಣವನ್ನು ಅಸಂಜ್ಞೇಯವೆಂದು ವರ್ಗೀಕರಿಸಿರುವುದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಆದ್ದರಿಂದ ಸೈಕಲ್ಲಿನ ಬೆಲೆಯನ್ನು ತೋರಿಸುವ ಬಿಲ್ಲು, ನೀವು ದೂರು ಕೊಟ್ಟ ಕ್ಷಣದಿಂದಲೇ ಪ್ರಕರಣದ ದಾರಿಯನ್ನು ನಿರ್ಧರಿಸುವ ಕಾಗದವೂ ಆಗುತ್ತದೆ. ತೆರಿಗೆ ಉಳಿಸಲೆಂದು ಬಿಲ್ಲಿಲ್ಲದೆ ಕೊಳ್ಳುವವರು, ಇಲ್ಲವೇ ಕಡಿಮೆ ಮೊತ್ತದ ಬಿಲ್ಲು ಬರೆಸುವವರು ಇದನ್ನು ಗಮನಿಸಬೇಕು.

ದೂರಿನಲ್ಲಿ ಫ್ರೇಮ್ ನಂಬರನ್ನು ಬರೆಯಿಸಿ, ಎಫ್.ಐ.ಆರ್. ಪ್ರತಿಯಲ್ಲಿ ಅದು ಸರಿಯಾಗಿ ಮೂಡಿದೆಯೇ ಎಂದು ಒಂದೊಂದು ಗುರುತನ್ನೂ ಹೋಲಿಸಿ ನೋಡಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ಪ್ರಕರಣಗಳ ತನಿಖೆ, ವಿಚಾರಣೆಗಳ ಕ್ರಮವನ್ನು ಹೇಳುವ ಕಾನೂನು) 173ನೆಯ ಕಲಮಿನ ಪ್ರಕಾರ ಆ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಸೈಕಲ್ ಸಿಕ್ಕ ನಂತರ ಅದು ಪ್ರಕರಣದ ಮುದ್ದೆಮಾಲು, ಅಂದರೆ ಪುರಾವೆಯಾಗಿ ವಶಪಡಿಸಿಕೊಂಡ ವಸ್ತು. ವಿಚಾರಣೆ ಮುಗಿಯುವವರೆಗೆ ಅದು ಠಾಣೆಯ ಅಂಗಳದಲ್ಲಿಯೇ ತುಕ್ಕು ಹಿಡಿಯಬೇಕೆಂದೇನೂ ಇಲ್ಲ. ಅದೇ ಸಂಹಿತೆಯ 497 ಮತ್ತು 503ನೆಯ ಕಲಮುಗಳ ಕೆಳಗೆ ಮಧ್ಯಂತರ ಸುಪರ್ದಿಗೆ, ಅಂದರೆ ಪ್ರಕರಣ ಮುಗಿಯುವವರೆಗೆ ವಸ್ತುವನ್ನು ನಿಮ್ಮ ವಶಕ್ಕೆ ಕೊಡುವಂತೆ, ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ವಶಪಡಿಸಿಕೊಂಡ ವಸ್ತುಗಳನ್ನು ಅನಗತ್ಯವಾಗಿ ಠಾಣೆಯಲ್ಲಿ ಇಟ್ಟುಕೊಳ್ಳದೆ, ಫೋಟೋ ಮತ್ತು ಪಂಚನಾಮೆ ಮಾಡಿ, ಬಾಂಡ್ ಪಡೆದು ಅರ್ಹರಿಗೆ ಕೊಡಬೇಕೆಂದು ಸುಂದರಭಾಯಿ ಅಂಬಾಲಾಲ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ಆ ಅರ್ಜಿಯ ಜೊತೆ ಹೋಗಬೇಕಾದದ್ದು ನಂಬರುಳ್ಳ ಬಿಲ್ಲು. ವಾರಸುದಾರರು ಯಾರೆಂದು ತಿಳಿಯದಿದ್ದರೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಬಹುದು; ಆರು ತಿಂಗಳೊಳಗೆ ಯಾರೂ ಹಕ್ಕನ್ನು ಸಾಬೀತುಪಡಿಸದಿದ್ದರೆ ವಸ್ತು ಸರ್ಕಾರದ ಅಧೀನಕ್ಕೆ ಹೋಗಿ ಮಾರಾಟವಾಗಬಹುದು. ಠಾಣೆಗಳಲ್ಲಿ ಹರಾಜಾಗುವ ಸೈಕಲ್‌ಗಳಲ್ಲಿ ಮಾಲೀಕರು ಬದುಕಿದ್ದು, ಊರಲ್ಲೇ ಇದ್ದು, ಗುರುತು ಹೇಳಲಾರದೆ ಹೋದವರ ಸೈಕಲ್‌ಗಳೂ ಇರುತ್ತವೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಕ್ಯಾಂಪ್ ಓದುಗ (ಬೆಳಗಾವಿ)

ವಿವರಣೆಗೆ ಧನ್ಯವಾದಗಳು ವಕೀಲರೇ. ಹಳೆಯ ಸೈಕಲ್ಲಾಗಿದ್ದು ಬಿಲ್ಲು ಕಳೆದುಹೋಗಿದ್ದರೆ ಏನು ಮಾಡಬೇಕು? ನಮ್ಮ ತಂದೆಯವರ ಕಾಲದಲ್ಲಿ ಹಲವು ಊರುಗಳ ಪುರಸಭೆಗಳು ಸೈಕಲ್ ತೆರಿಗೆ ವಸೂಲಿ ಮಾಡಿ ಲೋಹದ ಬಿಲ್ಲೆ ಕೊಡುತ್ತಿದ್ದವಂತೆ, ಈಗ ಅದೂ ಇಲ್ಲ.

ವಕೀಲರು (ಬೆಳಗಾವಿ)

ಮೊದಲು ಕೊಂಡ ಅಂಗಡಿಗೇ ಹೋಗಿ ಕೇಳಿರಿ, ಹಳೆಯ ಬಿಲ್ ಬುಕ್ಕು ಉಳಿದಿದ್ದರೆ ನಕಲು ಸಿಗಬಹುದು. ಅದು ಆಗದಿದ್ದರೆ ಇಂದಿನಿಂದಲೇ ದಾಖಲೆ ಕಟ್ಟಲು ಆರಂಭಿಸಿರಿ. ಮುಂದಿನ ಸಲ ರಿಪೇರಿಗೆ ಬಿಟ್ಟಾಗ, ಪಾವತಿಯಲ್ಲಿ ನಿಮ್ಮ ಹೆಸರು, ದಿನಾಂಕ ಮತ್ತು ಫ್ರೇಮ್ ನಂಬರ್ ಬರೆಸಿಕೊಳ್ಳಿರಿ. ಫೋಟೋಗಳನ್ನು ನಿಮ್ಮದೇ ಇ-ಮೇಲಿಗೆ ಕಳಿಸಿಕೊಂಡರೆ ಕಳಿಸಿದ ದಿನಾಂಕ ಅಲ್ಲಿ ಉಳಿಯುತ್ತದೆ. ಮೊಬೈಲಿನಲ್ಲಿರುವ ಮೂಲ ಫೋಟೋವನ್ನು ಅಳಿಸಬೇಡಿರಿ. ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯದಂತಹ ವಿವರಗಳು ಉಳಿಯುವುದಿಲ್ಲ. ಇವೆಲ್ಲ ಬಿಲ್ಲಿನಷ್ಟು ತೂಕದವಲ್ಲ, ಆದರೂ ಕಳವಿಗೆ ಎರಡು ವರ್ಷ ಮುಂಚಿನ ಪಾವತಿಯನ್ನು ಕದ್ದವನು ಹುಟ್ಟಿಸಲಾರ.

ನಿವೃತ್ತ ಶಿಕ್ಷಕಿ (ಇಳಕಲ್)

ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ನಾನು ಸೇವೆಯಲ್ಲಿದ್ದೆ. ಶಾಲೆಯ ಆವರಣದಲ್ಲಿ ಒಂದೇ ರೂಪದ ಸೈಕಲ್‌ಗಳು ಸಾಲಾಗಿ ನಿಲ್ಲುತ್ತಿದ್ದವು. ಸಂಜೆ ಗಂಟೆ ಹೊಡೆದ ಮೇಲೆ ಮಕ್ಕಳು ಅವಸರದಲ್ಲಿ ಒಬ್ಬರ ಸೈಕಲ್ ಮತ್ತೊಬ್ಬರು ಒಯ್ಯುವುದು, ಮರುದಿನ ಪಾಲಕರು ಬಂದು ಜಗಳವಾಡುವುದು ಸಾಮಾನ್ಯವಾಗಿತ್ತು. ಅದರಲ್ಲಿ ಕಳ್ಳತನದ ಉದ್ದೇಶ ಯಾರಿಗೂ ಇರುತ್ತಿರಲಿಲ್ಲ. ನಾವು ವಿತರಣೆಯ ವಹಿಯಲ್ಲಿ ಮಗುವಿನ ಹೆಸರಿನ ಮುಂದೆ ಫ್ರೇಮ್ ನಂಬರನ್ನೂ ಬರೆದು ಪಾಲಕರ ಸಹಿ ಪಡೆಯಲು ಆರಂಭಿಸಿದ ಮೇಲೆ, ಸೈಕಲ್ ತಿರುಗಿಸಿ ವಹಿಯ ಜೊತೆ ಹೋಲಿಸಿದರೆ ಮಾತು ಮುಗಿಯುತ್ತಿತ್ತು.

ಪಾಲಕರೇ, ತಾವು ಓಣಿಯಲ್ಲಿ ಮಾಡಹೊರಟಿರುವ ಕೆಲಸವನ್ನು ಶಾಲೆಗಳಲ್ಲಿಯೂ ಮಾಡುವಂತೆ ಮುಖ್ಯೋಪಾಧ್ಯಾಯರಿಗೆ ವಿನಂತಿಸಿರಿ. ಜೂನ್ ತಿಂಗಳಲ್ಲಿ ಸೈಕಲ್ ತರುವ ಪ್ರತಿ ಮಗುವಿನ ನಂಬರನ್ನು ಒಂದು ವಹಿಯಲ್ಲಿ ಬರೆಸಿ, ದಿನಾಂಕ ಹಾಕಿ ಸಿಕ್ಕಾ ಒತ್ತಿದರೆ, ವಕೀಲರು ಹೇಳಿದ ಮೂರನೆಯವರ ದಾಖಲೆ ಖರ್ಚಿಲ್ಲದೆ ಸಿದ್ಧವಾಗುತ್ತದೆ. ಮಕ್ಕಳಿಗೂ ತಮ್ಮ ವಸ್ತುವಿನ ಗುರುತು ತಿಳಿದಿರಬೇಕೆಂಬ ರೂಢಿ ಬೀಳುತ್ತದೆ.

ವಕೀಲರು (ಬೆಳಗಾವಿ)

ಅಕ್ಕಾವ್ರೇ, ತಮ್ಮ ಸಲಹೆ ಬಹಳ ಮೌಲಿಕವಾದದ್ದು. ಶಾಲೆಯ ವಹಿ ದಿನನಿತ್ಯದ ಕೆಲಸದಲ್ಲಿ ನಿಯಮಿತವಾಗಿ ಬರೆದ ದಾಖಲೆಯಾದ್ದರಿಂದ ಅದಕ್ಕೆ ಒಳ್ಳೆಯ ತೂಕ ಸಿಗುತ್ತದೆ.

ನವನಗರ ನಿವಾಸಿ (ಬಾಗಲಕೋಟೆ)

ಕದ್ದವರು ನಂಬರನ್ನೇ ಕಾನಸಿನಿಂದ ಉಜ್ಜಿ ಹಾಕಿದರೆ? ನಾವೇ ಇನ್ನೊಂದು ಕಡೆ ಗುಪ್ತವಾಗಿ ನಂಬರ್ ಪಂಚ್ ಮಾಡಿಸಿಕೊಳ್ಳಬಹುದೇ?

ಉದ್ಯಮಬಾಗ ಟರ್ನರ್ (ಬೆಳಗಾವಿ)

ಪಂಚ್ ಹೊಡೆದಾಗ ಅಂಕಿಯ ಕೆಳಗಿನ ಲೋಹವೂ ಒತ್ತಡಕ್ಕೆ ಸಿಲುಕಿ ಒಳಗಿನ ರಚನೆ ಬದಲಾಗುತ್ತದೆ. ಮೇಲ್ಮೈಯನ್ನು ಉಜ್ಜಿ ಸಮ ಮಾಡಿದರೂ, ತೀರ ಆಳಕ್ಕೆ ಹೋಗದಿದ್ದರೆ ಆ ಬದಲಾವಣೆ ಉಳಿದಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಮ್ಲಯುಕ್ತ ದ್ರಾವಣ ಹಚ್ಚಿ ಅಂಕಿಗಳನ್ನು ಮತ್ತೆ ಕಾಣಿಸುವಂತೆ ಮಾಡುತ್ತಾರೆ. ವಾಹನಗಳ ಚಾಸಿ ನಂಬರ್ ವಿಷಯದಲ್ಲಿ ಇದು ರೂಢಿಯಲ್ಲಿರುವ ಪರೀಕ್ಷೆ. ಒಂದು ಸೈಕಲ್ಲಿಗಾಗಿ ಅಷ್ಟು ದೂರ ಹೋಗುವುದು ಅಪರೂಪವೇ ಸರಿ. ಆದರೆ ನಂಬರ್ ಉಜ್ಜಿದ ಸೈಕಲ್ ಎಂಬುದೇ ಅದನ್ನು ಹೊಂದಿರುವವನ ಮೇಲೆ ಸಂಶಯ ಮೂಡಿಸಲು ಸಾಕು.

ಎರಡನೆಯ ಪ್ರಶ್ನೆಗೆ ಉತ್ತರ: ಗುರುತು ಮಾಡಿಕೊಳ್ಳಬಹುದು, ಆದರೆ ಕೊಳವೆಗಳ ಮೇಲೆ ಸುತ್ತಿಗೆ ಪಂಚ್ ಬೇಡ. ಫ್ರೇಮಿನ ಕೊಳವೆಯ ಗೋಡೆ ತೆಳ್ಳಗಿರುತ್ತದೆ, ಹೊಡೆತಕ್ಕೆ ತಗ್ಗು ಬಿದ್ದು ಮುಂದೆ ಅಲ್ಲಿಂದಲೇ ಬಿರುಕು ಆರಂಭವಾಗಬಹುದು. ಅಲ್ಯುಮಿನಿಯಂ ಮತ್ತು ಕಾರ್ಬನ್ನಿಗಂತೂ ಖಂಡಿತ ಬೇಡ. ಕ್ರ್ಯಾಂಕಿನ ಒಳಮೈ ಅಥವಾ ಉಕ್ಕಿನ ಕ್ಯಾರಿಯರ್ ಪಟ್ಟಿಯ ಕೆಳಗೆ ಕೈ ಎನ್‌ಗ್ರೇವರ್‌ನಿಂದ ಮೇಲ್ಮೈ ಮಟ್ಟಿಗೆ ಹೆಸರಿನ ಮೊದಲಕ್ಷರಗಳನ್ನು ಕೊರೆಸಿರಿ. ಇನ್ನೂ ಸುಲಭವಾದದ್ದು, ಹೆಸರು ಮತ್ತು ಊರು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಪೈಪಿನೊಳಗೆ ಇಳಿಬಿಡುವುದು. ಇದನ್ನು ಮಾಡಿದ ಮೇಲೆ ಎಲ್ಲಿ ಏನಿದೆಯೆಂದು ನಿಮ್ಮ ದಾಖಲೆಯಲ್ಲಿ ಬರೆದಿಡಿರಿ. ಫ್ರೇಮಿಗೆ ಹೊಸ ಬಣ್ಣ ಹಾಕಿಸುವವರು ಮೊದಲು ನಂಬರಿನ ಅಚ್ಚು ತೆಗೆದು, ಆ ಜಾಗಕ್ಕೆ ಟೇಪ್ ಅಂಟಿಸಿಯೇ ಬಣ್ಣಕ್ಕೆ ಕೊಡಬೇಕು. ದಪ್ಪನೆಯ ಪೌಡರ್ ಕೋಟಿಂಗ್ ತಗ್ಗುಗಳನ್ನು ತುಂಬಿಬಿಡುತ್ತದೆ.

ಸೈಕಲ್ ಶಾಪ್ (ಜಮಖಂಡಿ)

ಹಳೆಯ ಸೈಕಲ್ ಕೊಳ್ಳುವವರಿಗೂ ಒಂದು ಮಾತು. ಸಂತೆಯಲ್ಲಿ, ಮೊಬೈಲ್ ಜಾಹೀರಾತಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ನಂಬರ್ ನೋಡಿರಿ, ಮಾರುವವರ ಬಿಲ್ಲಿನ ಜೊತೆ ಹೋಲಿಸಿರಿ, ಅವರಿಂದ ನಂಬರ್ ಸಹಿತ ಬರೆದ ಮಾರಾಟದ ಚೀಟಿಯನ್ನೂ ಗುರುತಿನ ಚೀಟಿಯ ನಕಲನ್ನೂ ಪಡೆಯಿರಿ. ಕೊಡಲು ಹಿಂಜರಿದರೆ ಸೈಕಲ್ ಬಿಟ್ಟು ಬನ್ನಿರಿ. ನನ್ನ ಅಂಗಡಿಯಲ್ಲಿ ಹಳೆಯದನ್ನು ತೆಗೆದುಕೊಳ್ಳುವಾಗ ಇದನ್ನು ತಪ್ಪದೆ ಪಾಲಿಸುತ್ತೇನೆ.

ವಕೀಲರು (ಬೆಳಗಾವಿ)

ಇದಕ್ಕೆ ಕಾನೂನಿನ ಆಧಾರವೂ ಇದೆ. 1930ರ ಸರಕು ಮಾರಾಟ ಕಾಯಿದೆಯ 27ನೆಯ ಕಲಮಿನ ಪ್ರಕಾರ ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಸಾಮಾನ್ಯವಾಗಿ ಬರುವುದಿಲ್ಲ. ಹಣ ಕೊಟ್ಟಿದ್ದರೂ ಕದ್ದ ಸೈಕಲ್ ಮೂಲ ಮಾಲೀಕರಿಗೇ ಸೇರುತ್ತದೆ. ಕದ್ದದ್ದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಕೊಂಡರೆ ನ್ಯಾಯ ಸಂಹಿತೆಯ 317ನೆಯ ಕಲಮಿನ ಕೆಳಗೆ ಅಪರಾಧವಾಗುತ್ತದೆ.

ಗುಮ್ಮಟನಗರಿ ಪಾಲಕ (ವಿಜಯಪುರ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ತಮ್ಮೆಲ್ಲರ ಸಲಹೆಯಂತೆ ಪ್ರತಿ ಮನೆಗೂ ಹಂಚಲು ಒಂದು ಪುಟದ ನಮೂನೆ ತಯಾರಿಸಿದ್ದೇನೆ. ಅದರಲ್ಲಿ ಮಾಲೀಕರ ಹೆಸರು, ಕಂಪನಿ, ಮಾದರಿ, ಬಣ್ಣ, ಚಕ್ರದ ಅಳತೆ, ಫ್ರೇಮ್ ನಂಬರ್, ಆ ನಂಬರ್ ಇರುವ ಜಾಗ, ಅಸ್ಪಷ್ಟ ಗುರುತುಗಳಿದ್ದರೆ ಅವುಗಳ ಟಿಪ್ಪಣಿ, ಕೊಂಡ ದಿನಾಂಕ ಮತ್ತು ಬೆಲೆ, ಅಂಗಡಿ, ನಮ್ಮದೇ ಗುಪ್ತ ಗುರುತು ಇವುಗಳಿಗೆ ಸಾಲುಗಳಿವೆ. ಕೆಳಗೆ ಪೆನ್ಸಿಲ್ ಅಚ್ಚಿನ ಟೇಪ್ ಅಂಟಿಸಲು ಒಂದು ಚೌಕ, ಅದರ ಪಕ್ಕದಲ್ಲಿ ನಂಬರನ್ನು ಓದಿ ಹೋಲಿಸಿದ ಇನ್ನೊಬ್ಬರ ಸಹಿ ಮತ್ತು ದಿನಾಂಕ. ಸೈಕಲ್ ಪೂರ್ತಿ ಕಾಣುವಂತೆ ಮಾಲೀಕರು ಪಕ್ಕದಲ್ಲಿ ನಿಂತ ಒಂದು ಫೋಟೋ, ನಂಬರಿನ ಹತ್ತಿರದ ಒಂದು ಫೋಟೋ ಮತ್ತು ಬಿಲ್ಲಿನ ನಕಲನ್ನು ಇದಕ್ಕೆ ಲಗತ್ತಿಸಬೇಕು. ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ?

ವಕೀಲರು (ಬೆಳಗಾವಿ)

ಒಂದೇ ತಿದ್ದುಪಡಿ ಸೂಚಿಸುತ್ತೇನೆ. ತುಂಬಿದ ನಮೂನೆಗಳನ್ನು ಓಣಿಯ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಡಿರಿ. ನಂಬರ್, ಬೆಲೆ, ಮನೆಯ ವಿಳಾಸ ಮೂರೂ ಒಟ್ಟಿಗೆ ಹರಡಿದರೆ ಕ್ಯಾಂಪ್ ಓದುಗರು ಹೇಳಿದ ತೊಂದರೆಗೆ ನಾವೇ ದಾರಿ ಮಾಡಿಕೊಟ್ಟಂತೆ. ಮೂಲ ಪ್ರತಿ ಬಿಲ್ಲಿನ ಜೊತೆ ಆಯಾ ಮನೆಯಲ್ಲಿರಲಿ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ನಂಬಿಕಸ್ಥ ಸಂಬಂಧಿಕರ ಬಳಿಯಿರಲಿ.

ಗುಮ್ಮಟನಗರಿ ಪಾಲಕ (ವಿಜಯಪುರ)

ಹಾಗೆಯೇ ಮಾಡುತ್ತೇವೆ ಸರ್. ಬರುವ ರವಿವಾರ ಬೆಳಿಗ್ಗೆ ಓಣಿಯ ಸೈಕಲ್‌ಗಳನ್ನೆಲ್ಲ ಒಂದೆಡೆ ಸೇರಿಸುತ್ತಿದ್ದೇವೆ. ಬ್ರಷ್, ಸೀಮೆಸುಣ್ಣ, ಮೆತ್ತನೆಯ ಪೆನ್ಸಿಲ್ ಮತ್ತು ಟೇಪ್ ತಂದಿಟ್ಟಿದ್ದೇನೆ. ಠಾಣೆಯಲ್ಲಿರುವ ಆ ಸೈಕಲ್ಲಿನ ವಿಷಯದಲ್ಲಿ, ಮಾರಿದ ಅಂಗಡಿಯವರು ತಮ್ಮ ಹಳೆಯ ಬಿಲ್ ಬುಕ್ಕನ್ನು ಹುಡುಕಿಕೊಡಲು ಒಪ್ಪಿದ್ದಾರೆ. ಅದರಲ್ಲಿ ನಂಬರ್ ಇದ್ದರೆ ಹುಡುಗನ ತಂದೆ ನಕಲು ಪಡೆದು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುತ್ತಾರೆ.